ಹುಂಜದ ಮುದ್ರೆ

ಎಡತೋಳಿನ ಮೇಲೆ ಶಂಖ ಉರಿಯುತ್ತಿತ್ತು. ಬಲತೋಳಿನ ಚಕ್ರಕ್ಕೆ ಅಷ್ಟೇನೂ ಉರಿ ಇರಲಿಲ್ಲ. ಅಂಬಲಪಾಡಿಯ ಬೈಪಾಸಿನಲ್ಲಿ ಕಾಪು ಕಡೆಯ ಬಸ್ಸಿಗೆ ಕಾಯುತ್ತ ನಿಂತ ಹಯಗ್ರೀವ ಈ ವ್ಯತ್ಯಾಸದ ಕುರಿತೇ ಯೋಚಿಸುತ್ತಿದ್ದ. ಒಂದೇ ಹೋಮದ ಬೆಂಕಿಯಲ್ಲಿ ಕಾದ ಎರಡು ಅಚ್ಚುಗಳು, ಒತ್ತಿದ್ದು ಒಂದೇ ಕೈ. ಹಾಗಿದ್ದರೆ ಒತ್ತಿದ ಬಲದಲ್ಲೋ ಒತ್ತಿದ ಹೊತ್ತಿನಲ್ಲೋ ಹೆಚ್ಚುಕಡಿಮೆಯಾಗಿರಬೇಕು. ಮೂವತ್ತನಾಲ್ಕು ವರ್ಷ ಮಣಿಪಾಲದ ಕಾಲೇಜೊಂದರ ಭೌತಶಾಸ್ತ್ರದ ಲ್ಯಾಬಿನಲ್ಲಿ ಮಕ್ಕಳ ಕೈಗೆ ವರ್ನಿಯರ್ ಕ್ಯಾಲಿಪರ್ ಕೊಟ್ಟು ಅಳೆಯಲು ಕಲಿಸಿದವನಿಗೆ ಅಳತೆ ತಪ್ಪಿದ್ದು ಚರ್ಮದ ಮೂಲಕವೂ ತಿಳಿಯುತ್ತದೆ. ಆಷಾಢದ ಪ್ರಥಮ ಏಕಾದಶಿಯ ದಿನ ಮಠದಲ್ಲಿ ಈ ತಪ್ತಮುದ್ರೆ ಹಾಕಿಸಿಕೊಂಡರೆ ವರ್ಷದ ಪಾಪವೆಲ್ಲ ಸುಟ್ಟುಹೋಗುತ್ತದೆಂದು ಬೆಳಗ್ಗೆ ಎರಡು ಗಂಟೆ ಕಾಲ ಸಾಲಿನಲ್ಲಿ ನಿಂತಿದ್ದ ಆ ಜನವೋ! ಮುಂದೆ ನಿಂತಿದ್ದ ದಢೂತಿ ಮನುಷ್ಯ ಒಂದು ತೋಳು ಸ್ವಾಮಿಗಳ ಕಡೆ ಚಾಚಿ ಇನ್ನೊಂದು ಕೈಯಲ್ಲಿ ಮೊಬೈಲ್ ಎತ್ತಿ ಹಿಡಿದಿದ್ದ. ಪಾಪ ಹೊರಟುಹೋಗುವ ಗಳಿಗೆಯ ಫೋಟೋ. ಅದನ್ನು ಯಾರಿಗೆ ಕಳಿಸುತ್ತಾನೆ, ಚಿತ್ರಗುಪ್ತನಿಗೋ? ಮನೆಗೆ ಬಂದು ತೋಳನ್ನು ಊದಿಕೊಳ್ಳುತ್ತಿದ್ದಾಗ ಸುಭಾಷಿಣಿ, ಮೂವತ್ತು ವರ್ಷದಿಂದ ಗಂಡನ ಊದಾಟ ಕಂಡವಳು, ದೇವರ ಕೋಣೆಯಿಂದಲೇ ಹೇಳಿದ್ದಳು: "ಊದಬೇಡಿ. ಉರಿಯಲಿ ಅಂತಲೇ ಹಾಕುವುದು ಅದನ್ನು."

ಕೈಯಲ್ಲಿ ಒಂದು ಬಟ್ಟೆಯ ಚೀಲ. ಚೀಲದಲ್ಲಿ ಒಂದು ಉದ್ದನೆಯ ಪೆಟ್ಟಿಗೆ, ಪೆಟ್ಟಿಗೆಯಲ್ಲಿ ಎಂಬತ್ತೇಳರಲ್ಲಿ ಒಂದು ಪಾಲಿಗೆ ಕುಗ್ಗಿಸಿದ ಮಾದರಿ ರೈಲು ಎಂಜಿನು, ಸೊನ್ನೆ-ಒಂದು. ಜರ್ಮನ್ ರೈಲ್ವೆಯವರು ಎಂಜಿನುಗಳಿಗೆ ಹೆಸರಿಡದೆ ಸಂಖ್ಯೆ ಕೊಟ್ಟದ್ದು ಹಯಗ್ರೀವನಿಗೆ ಆ ಜನಾಂಗದ ಮೇಲೆ ಗೌರವ ಹುಟ್ಟಿಸಿದ ಮೊದಲ ಸಂಗತಿ. ಸೊನ್ನೆ-ಒಂದು, ಮೂವತ್ತೆಂಟು, ಐವತ್ತೆರಡು. ಇಲ್ಲಿಯವರಾಗಿದ್ದರೆ ಎಂಜಿನಿಗೂ ಹಯಗ್ರೀವ ಎಂದು ಹೆಸರಿಟ್ಟು, ಆಮೇಲೆ ಆ ಹೆಸರಿನ ಸಿಹಿ ತಿಂಡಿ ನೆನಪಾಗಿ 'ಮಡ್ಡಿ' ಎಂದು ಕರೆದು ನಗುತ್ತಿದ್ದರು, ಶಾಲೆಯಲ್ಲಿ ಅವನನ್ನು ಕರೆದ ಹಾಗೆ. ಕುದುರೆಯ ಕೊರಳಿನ ದೇವರ ಹೆಸರು, ವಿದ್ಯೆಯ ದೇವರು. ಊರಿಗೆ ನೆನಪಾಗುವುದು ಕಡಲೆಬೇಳೆ ಮತ್ತು ಬೆಲ್ಲ. ಮನೆಯ ಗಾಜಿನ ಕಪಾಟಿನಲ್ಲಿ ಇಂಥವು ನಲವತ್ತೊಂದು ಇವೆ. ತೇವ ಹೀರುವ ಪುಟ್ಟ ಪೊಟ್ಟಣಗಳ ನಡುವೆ, ಒಂದೂ ಓಡದೆ, ಒಂದನ್ನೂ ಯಾರೂ ಮುಟ್ಟದೆ ನಿಂತಿವೆ. ಅಮ್ಮ ಮಡಿಸೀರೆಯನ್ನು ಕೋಲಿನಿಂದ ಎತ್ತಿ ಬಿದಿರಿನ ಗಳಕ್ಕೆ ಹಾಕುವುದನ್ನು ಕಂಡು ಹದಿನೈದರ ಪ್ರಾಯದಲ್ಲಿ ನಕ್ಕವನು ಅವನು. ಈಗ ಕಪಾಟು ತೆರೆಯುವ ಮೊದಲು ಕೈ ತೊಳೆದು, ಒರಸಿ, ಬಿಳಿ ಹತ್ತಿಯ ಕೈಗವಸು ತೊಡುತ್ತಾನೆ. ಇದು ಮಡಿಯಲ್ಲ, ಶಾಸ್ತ್ರೀಯ ಸಂರಕ್ಷಣೆ. ಸುಭಾಷಿಣಿಗೆ ಆ ಭೇದ ತಿಳಿಯುವುದಿಲ್ಲ. "ದೇವರ ಪೆಟ್ಟಿಗೆಯ ಹತ್ತಿರ ಇಷ್ಟು ಶ್ರದ್ಧೆ ಇದ್ದಿದ್ದರೆ ಇಷ್ಟೊತ್ತಿಗೆ ವೈಕುಂಠದಲ್ಲಿ ನಿಮ್ಮ ಸೀಟು ಕನ್‌ಫರ್ಮ್ ಆಗ್ತಿತ್ತು," ಎನ್ನುತ್ತಾಳೆ.

ಬಸ್ಸು ಬಂತು. ಹತ್ತಿ ಬಾಗಿಲಲ್ಲೇ ಚೀಲವನ್ನು ಎದೆಗವಚಿ ನಿಂತದ್ದಕ್ಕೆ ಕಂಡಕ್ಟರ್ ಕೂಗಿದ: "ಭಟ್ರೇ, ಒಳಗೆ ಹೋಗಿ, ಬಾಗಿಲಲ್ಲಿ ನಿಂತು ಪಂಚಾಂಗ ಓದಬೇಡಿ." ಬಸ್ಸು ನಕ್ಕಿತು. ಹಣೆಯ ಮೇಲೆ ನಾಮ ಕಂಡರೆ ಭಟ್ರು. ಅದರಾಚೆಗೆ ಇವರ ಬುದ್ಧಿ ಹೋಗುವುದಿಲ್ಲ. ಮಟ್ಟು ಗುಳ್ಳದ ಬುಟ್ಟಿಯನ್ನು ಕಾಲ ನಡುವೆ ಇರಿಸಿಕೊಂಡಿದ್ದ ಹೆಂಗಸೊಬ್ಬಳು ಸರಿದು ಜಾಗ ಕೊಟ್ಟಳು. ಅವನು ಕೂರಲಿಲ್ಲ. ಬದನೆಕಾಯಿಯ ಪಕ್ಕದಲ್ಲಿ ಸೊನ್ನೆ-ಒಂದನ್ನು ಇಡುವುದೇ? ಗಂಟಲು ಒಣಗಿತ್ತು. ನಾಳೆ ಬೆಳಗ್ಗೆ ಪಾರಣೆಯ ತನಕ ನೀರೂ ಇಲ್ಲ. ಉದ್ಯಾವರ ದಾಟಿತು. ನಿನ್ನೆ ಸಂಜೆ ಫೋನಿನಲ್ಲಿ ಕಾಪುವಿನ ರಿಪೇರಿಯವ ನೆವಿಲ್ ಕಿರುಚಿದ್ದು ಕಿವಿಯಲ್ಲಿ ಇನ್ನೂ ಇತ್ತು: "ಸರ್, ಓಡ್ತದೆ ಸರ್, ಅಜ್ಜನ ಎಂಜಿನ್ ಓಡ್ತದೆ! ನಾಳೆ ನೀವೇ ಬಂದು ಉದ್ಘಾಟನೆ ಮಾಡಬೇಕು." ಓಡುತ್ತದಂತೆ. ಹಳೆಯ ಸ್ಪ್ರಿಂಗಿಗೆ ಎಣ್ಣೆ ಬಿಟ್ಟು ಕೀಲಿ ಕೊಟ್ಟಿರಬೇಕು. ಅದೂ ತೆಂಗಿನೆಣ್ಣೆ, ಕೀಲು ನೋವಿಗೂ ಬಾಗಿಲ ಬಿಜಾಗರಿಗೂ ಇವರಿಗೆ ಇರುವುದು ಒಂದೇ ಎಣ್ಣೆ. ಇವತ್ತು ಮಾತನ್ನು ಹೇಗೆ ಎತ್ತಬೇಕೆಂದು ಹಯಗ್ರೀವ ಮತ್ತೊಮ್ಮೆ ಹೇಳಿಕೊಂಡ. 'ನೆವಿಲ್, ನಿಮ್ಮದು ಹೇಗೂ ಡೂಪ್ಲಿಕೇಟ್. ನಾನು ಒಂದು ಅಸಲಿ ತಂದಿದ್ದೇನೆ. ಇದನ್ನು ಇಟ್ಟುಕೊಳ್ಳಿ, ಅದನ್ನು ನನಗೆ ಕೊಡಿ.' ಹಾಗೆ ಬದಲಾಯಿಸಿಕೊಂಡರೆ ಆ ಎಂಜಿನು ಸೇರಬೇಕಾದ ಕಪಾಟಿಗೆ ಸೇರುತ್ತದೆ, ಜನವರಿಯಲ್ಲಿ ಆಡಿದ ಮಾತೂ ಒಂದು ರೀತಿಯಲ್ಲಿ ಇತ್ಯರ್ಥವಾಗುತ್ತದೆ. ಮೋಸವೆಂದು ಅದನ್ನು ಕರೆಯಲಾಗದು. ಅದಕ್ಕೆ ಬೇರೆ ಯಾವುದೋ ಹೆಸರು ಇರಬೇಕು. ಅದು ಕಟಪಾಡಿ ಬಂದರೂ ಹೊಳೆಯಲಿಲ್ಲ.

ಜನವರಿಯಲ್ಲಿ ಅವನು ಕಾಪುವಿಗೆ ಹೋದದ್ದು ನಗುವುದಕ್ಕೆಂದೇ. ನೆವಿಲ್ ಎಂದರೆ ಕಾಪುವಿನ ಬೀಚ್ ರಸ್ತೆಯಲ್ಲಿ ಮಿಕ್ಸಿ, ಪಂಪು ರಿಪೇರಿ ಮಾಡುವವನು; ಹಿಂದೆ ಕಾಲೇಜಿನ ಲ್ಯಾಬಿನ ಮೋಟಾರು ಸುಟ್ಟಾಗ ಕರೆಸುತ್ತಿದ್ದ ಜನ. "ನಮ್ಮಲ್ಲೂ ಒಂದು ಜರ್ಮನ್ ರೈಲು ಉಂಟು ಸರ್, ಒಮ್ಮೆ ಬಂದು ನೋಡಿ," ಎಂದು ಹತ್ತು ವರ್ಷ ಕರೆದಿದ್ದ. ಮುಂಬಯಿ ಪೇಟೆಯ ಯಾವುದೋ ಆಟಿಕೆ ಇರಬೇಕು ಎಂದುಕೊಂಡೇ ಹೋಗಿ ಕುಳಿತವನ ಮುಂದೆ ನೆವಿಲ್ ತಗಡಿನ ಟ್ರಂಕು ತೆರೆದು, ಹಳೆಯ ಲುಂಗಿಯಲ್ಲಿ ಸುತ್ತಿದ್ದನ್ನು ಬಿಡಿಸಿ ಇಟ್ಟ. ಒಂದು ಮೊಳದಷ್ಟು ಉದ್ದದ ಹಸಿರು ಎಂಜಿನು. ನೂರಾಹತ್ತು ವರ್ಷದ ಹಿಂದೆ ಬವೇರಿಯಾದ ಹಳಿಗಳ ಮೇಲೆ ಓಡುತ್ತಿದ್ದ ಎಕ್ಸ್‌ಪ್ರೆಸ್ ಎಂಜಿನಿನ, ಅದು ಓಡುತ್ತಿದ್ದ ಕಾಲದಲ್ಲೇ ಮಾಡಿದ ಪ್ರತಿರೂಪ. ತಗಡು, ಹಿತ್ತಾಳೆ, ಕೀಲಿ. ಅವನು ಅದನ್ನು ಮಗುಚಿದ. ಅಡಿಯ ತಗಡಿನಲ್ಲಿ ತೊಗರಿಬೇಳೆಯಷ್ಟು ದೊಡ್ಡ ಒಂದು ಹುಂಜದ ಮುದ್ರೆ. ನ್ಯೂರೆಂಬರ್ಗಿನಲ್ಲಿ ಕೆಲವೇ ವರ್ಷ ಬಾಳಿ ಮುಚ್ಚಿಹೋದ ಒಂದು ಸಣ್ಣ ಕಾರ್ಖಾನೆಯ ಗುರುತು. ಅದನ್ನು ಅವನು ಚಿತ್ರದಲ್ಲಷ್ಟೇ ಕಂಡಿದ್ದ, ಕೈಯಲ್ಲಿ ಹಿಡಿದವರನ್ನು ಕಂಡಿರಲಿಲ್ಲ. ನಲವತ್ತೊಂದು ಎಂಜಿನುಗಳನ್ನು ಒಂದೊಂದಾಗಿ ಕೂಡಿಸಿದವನು, ಪ್ರತಿ ಬೋಲ್ಟಿನ ಅಳತೆ ತಿಳಿದವನು, ಕನಸಿನಲ್ಲೂ ಆಸೆಪಡದ ವಸ್ತು ಈ ಮಿಕ್ಸಿಯವನ ಲುಂಗಿಯೊಳಗೆ ಏನೂ ತಪಸ್ಸಿಲ್ಲದೆ ಮಲಗಿತ್ತು.

ಆರಾಮಕುರ್ಚಿಯಲ್ಲಿ ಕುಳಿತಿದ್ದ ನೆವಿಲನ ತಾಯಿ, ಎಂಬತ್ತಾರರ ಸಲೋಮಿ ಅಮ್ಮ, ಆಗಲೇ ಶುರುಮಾಡಿದ್ದರು. "ಮೊದಲನೆಯ ಯುದ್ಧದ ವರ್ಷ, ಭಟ್ರೇ. ಜರ್ಮನಿಯ ಪಾದ್ರಿಗಳನ್ನೆಲ್ಲ ಸರಕಾರ ಹಿಡಿದುಕೊಂಡು ಹೋಗುವಾಗ ಅವರ ಸಣ್ಣ ಮಗ ಓಡಿಬಂದು ನಮ್ಮ ಅಪ್ಪನ ಕೈಯಲ್ಲಿ ಇದನ್ನು ಇಟ್ಟನಂತೆ. ಅಪ್ಪನಿಗೂ ಆಗ ಹತ್ತೇ ವರ್ಷ. ಎಂಟು ದೊಡ್ಡ ಚಕ್ರದ ಎಂಜಿನು..."

"ಆರು," ಎಂದಿದ್ದ ಹಯಗ್ರೀವ.

"ಎಂತ?"

"ದೊಡ್ಡ ಚಕ್ರ ಆರು. ಎಂಟಲ್ಲ. ಎದುರಿಗೇ ಉಂಟಲ್ಲ, ಎಣಿಸಿ." ಮತ್ತೆ, ಎಂಟೆಂದ ಆ ಮುದಿಬಾಯಿಯೇ ದಾರಿ ತೋರಿಸಿತು ಎಂಬ ಹಾಗೆ, ಎಂಜಿನನ್ನು ಮೇಜಿನ ಮೇಲೆ ಇಟ್ಟು ಕೈ ಒರಸಿಕೊಂಡು ಹೇಳಿದ್ದ: "ಇದು ಡೂಪ್ಲಿಕೇಟ್, ನೆವಿಲ್. ಪಾದ್ರಿ, ಯುದ್ಧ ಎಲ್ಲ ಕಥೆ. ಆಮೇಲೆ ಯಾವಾಗಲೋ ಬೊಂಬಾಯಿಯಲ್ಲಿ ಮಾಡಿದ್ದು."

ಅದರ ನಂತರದ ಮಾತು ಅವನ ಲೆಕ್ಕದಲ್ಲಿ ನೆವಿಲನದು. 'ಹಾಗಾದರೆ ನಮಗೆಂತಕ್ಕೆ ಸರ್, ನೀವೇ ತೆಗೆದುಕೊಂಡು ಹೋಗಿ' ಎನ್ನಬೇಕಿತ್ತು ಅವನು. ಬೇಡ ಎಂದು ಎರಡು ಸಲ ಹೇಳಿ ಮೂರನೆಯ ಸಲಕ್ಕೆ ಒಪ್ಪಬೇಕಿತ್ತು ಇವನು. ಆದರೆ ನೆವಿಲ್ ತಲೆಯ ಮೇಲೆ ಎರಡೂ ಕೈ ಇಟ್ಟುಕೊಂಡು ನಕ್ಕುಬಿಟ್ಟ. "ಬದುಕಿದೆ ಮಾರಾಯ್ರೆ! ಐವತ್ತೆಂಟು ವರ್ಷದಿಂದ ಮುಟ್ಟಬೇಡ, ಮುಟ್ಟಬೇಡ ಅಂತ ಕೇಳಿ ಕೇಳಿ ಸಾಕಾಗಿತ್ತು." ನಗುವ ಜನ ಯಾಕೆ ನಗುತ್ತಾರೆಂದು ಹಯಗ್ರೀವನಿಗೆ ಯಾವತ್ತೂ ತಿಳಿದದ್ದಿಲ್ಲ. ಸಲೋಮಿ ಅಮ್ಮ ಮಾತ್ರ ನಕ್ಕಿರಲಿಲ್ಲ. ಕುರ್ಚಿಯ ಕೈಯನ್ನು ಸವರುತ್ತ ಎಂಜಿನನ್ನು ನೋಡುತ್ತಿದ್ದರು. ಎಣಿಸುತ್ತಿದ್ದರೇನೋ.

ಕಾಪುವಿನಲ್ಲಿ ಇಳಿದಾಗ ಮಳೆ ಬಿಟ್ಟಿತ್ತು. ದೀಪಸ್ತಂಭದ ಕಡೆಗೆ ಹೋಗುವ ಕಾರುಗಳು ಅವನ ಪಂಚೆಗೆ ಕೆಸರು ಹಾರಿಸಿದವು. ಅಂಗಡಿಯ ಹಿಂದೆಯೇ ಮನೆ. ಜಗುಲಿಯ ಮೇಲೆ ಪ್ಲೈವುಡ್ ಹಾಸಿ, ಕಿಟಕಿಯ ಪರದೆ ಕಟ್ಟುವ ಅಲ್ಯೂಮಿನಿಯಂ ಸರಳುಗಳನ್ನು ಬಗ್ಗಿಸಿ ದುಂಡಗೆ ಹಳಿ ಮಾಡಿತ್ತು. ತೆಂಗಿನೆಣ್ಣೆಯ ವಾಸನೆ ಮೊದಲು ಬಂತು. ಆಮೇಲೆ ಹಳಿಯ ಮೇಲೆ, ಮಿಕ್ಸಿ ತಿರುಗುವ ಸದ್ದು ಮಾಡುತ್ತ, ಅದು ಬಂತು.

ನೀಲಿ. ಹಳಿಯ ಮೇಲೆ ಬಂದದ್ದು ನೀಲಿಯಾಗಿತ್ತು. ಮೀನಿನ ಬೋಟಿಗೆ ಬಳಿದು ಉಳಿದ ದಪ್ಪ ಪೇಂಟಿನ ನೀಲಿ, ಅದರ ಮೇಲೆ ಕುಂಚದಿಂದ ಬಿಳಿಯ ಅಕ್ಷರದಲ್ಲಿ 'ಮತ್ಸ್ಯಗಂಧ'. ಬವೇರಿಯಾದ ರಾಜರ ಕಾಲದ ಉಗಿ ಎಂಜಿನು ಮಂಗಳೂರು–ಮುಂಬಯಿ ರೈಲಾಗಿ, ಹೊಗೆಕೊಳವೆಯ ಮೇಲೆ ಒಂದು ಕೆಂಪು ಬಲ್ಬು ಹೊತ್ತುಕೊಂಡು, ಅವನ ಕಾಲ ಹತ್ತಿರ ತಿರುಗಿ ಹೋಯಿತು. ನೆವಿಲ್ ಜಗುಲಿಯ ಮೇಲೆ ಕವುಚಿ ಮಲಗಿ ಗಲ್ಲವನ್ನು ನೆಲಕ್ಕೆ ಊರಿ ನೋಡುತ್ತಿದ್ದ. ನರೆತ ಎದೆಗೂದಲಿಗೆ ಧೂಳು ಮೆತ್ತಿತ್ತು.

"ಹೇಗುಂಟು ಸರ್?"

"ಸ್ಪ್ರಿಂಗ್?" ಎಂದ ಹಯಗ್ರೀವ.

"ತೆಗೆದು ಬಿಸಾಡಿದೆ. ಹೇರ್ ಡ್ರೈಯರಿನ ಮೋಟಾರು ಕೂರಿಸಿದ್ದೇನೆ. ಅಡಿಯ ತಗಡು ಅಡ್ಡ ಬಂತು, ಅದನ್ನೂ ಕತ್ತರಿಸಿದೆ."

"ತಗಡು ಎಲ್ಲಿ?"

"ಗುಜರಿಗೆ ಹೋಯ್ತು ಸರ್, ಎಲ್ಲ ಒಟ್ಟಿಗೆ. ನೀವು ಡೂಪ್ಲಿಕೇಟ್ ಅಂತ ಹೇಳದಿದ್ದಿದ್ದರೆ ಕತ್ತರಿ ಹಾಕುವ ಧೈರ್ಯ ನನಗೆಲ್ಲಿತ್ತು? ಕೂತುಕೊಳ್ಳಿ. ಚೀಲದಲ್ಲಿ ಎಂತ, ಪ್ರಸಾದವಾ?"

"ಏಕಾದಶಿ. ಪ್ರಸಾದ ಇಲ್ಲ."

ಅವನು ಕುಳಿತ. ಚೀಲ ಮಡಿಲಲ್ಲಿತ್ತು. ನೆಲದಲ್ಲಿ ಒಂದು ರಟ್ಟಿನ ಫಲಕ ಗೋಡೆಗೆ ಒರಗಿತ್ತು. ನಾಳೆ ಕಾರ್ಕಳದ ಶಾಲೆಯೊಂದರ ವಸ್ತುಪ್ರದರ್ಶನಕ್ಕೆ ಎಂಜಿನಿನ ಜೊತೆ ಹೋಗುವುದು. 'ಹಳೆಯ ಜರ್ಮನ್ ಎಂಜಿನಿನ ಡೂಪ್ಲಿಕೇಟ್. ಪರೀಕ್ಷಿಸಿ ಅಭಿಪ್ರಾಯ ನೀಡಿದವರು: ಶ್ರೀ ಹಯಗ್ರೀವ ಉಪಾಧ್ಯ, ಅಂಬಲಪಾಡಿ.' ಬದುಕಿನಲ್ಲಿ ಮೊದಲ ಸಲ ಅವನ ಹೆಸರು ಒಂದು ಎಂಜಿನಿನ ಕೆಳಗೆ ಅಚ್ಚುಕಟ್ಟಾಗಿ, ದೊಡ್ಡ ಅಕ್ಷರದಲ್ಲಿ. ತಪ್ಪೇ ಇಲ್ಲದ ಕಾಗುಣಿತ. ಈ ಮನುಷ್ಯ ಒಂದು ತಪ್ಪನ್ನಾದರೂ ಮಾಡಬಾರದಿತ್ತೇ, ತಿರಸ್ಕರಿಸಲು?

"ಕುಡಿಯಲಿಕ್ಕೆ ಬೊಂಡ ಕೆತ್ತಿ ಕೊಡಲಾ ಭಟ್ರೇ?" ಸಲೋಮಿ ಅಮ್ಮ ಒಳಗಿನ ಬಾಗಿಲಲ್ಲಿ ಗೋಡೆ ಹಿಡಿದು ನಿಂತಿದ್ದರು. "ಓ, ನಿಮಗೆ ಇವತ್ತು ನೀರೂ ಇಲ್ಲ ಅಲ್ವಾ. ಮರೆತೆ." ಮೆಲ್ಲನೆ ಬಂದು ತಮ್ಮ ಕುರ್ಚಿಯಲ್ಲಿ ಕುಳಿತರು. ಅವರು ಕಥೆ ಶುರುಮಾಡುತ್ತಾರೆಂದು ಹಯಗ್ರೀವ ಕಾದ. ಮುದುಕರು ಬಿಡುವ ಜಾತಿಯಲ್ಲ, ಕಂಡವರಿಗೆಲ್ಲ ಅದೇ ಪಾದ್ರಿ, ಅದೇ ಯುದ್ಧ. ಅವರು ಶುರುಮಾಡಲಿಲ್ಲ.

"ಅಮ್ಮ ಈಗ ಕಥೆ ಹೇಳುವುದಿಲ್ಲ ಸರ್," ಎಂದ ನೆವಿಲ್ ನೆಲದಿಂದಲೇ. "ಮೊದಲು ಕರೆಂಟ್ ಬಿಲ್ಲಿನವನಿಗೂ ಹೇಳ್ತಿದ್ದರು. ಈಗ ನಾವು 'ಡೂಪ್ಲಿಕೇಟ್ ಪಾದ್ರಿ' ಅಂತ ತಮಾಷೆ ಮಾಡ್ತೇವೆ. ಸಿಟ್ಟು ಬರ್ತದೆ ಅವರಿಗೆ."

"ಸಿಟ್ಟಿಲ್ಲ," ಎಂದರು ಸಲೋಮಿ ಅಮ್ಮ. ಹೇಳಿದ್ದು ಮಗನಿಗಲ್ಲ. "ನಮ್ಮ ಅಪ್ಪ ಸುಳ್ಳು ಹೇಳುವವರಲ್ಲ ಭಟ್ರೇ. ನಾವು ಹೇಳಿದರೂ ಬಿಡ್ತಿರಲಿಲ್ಲ. ಸುಳ್ಳು ಹೇಳಿದರೆ ಹುಂಜ ಕೂಗ್ತದೆ ಅಂತ ಹೆದರಿಸ್ತಿದ್ದರು. ಆದರೆ ಓದಿದವರು ಕಣ್ಣಾರೆ ನೋಡಿ ಹೇಳಿದ ಮೇಲೆ ಎಂತ ಮಾಡುವುದು? ಸಮಾಧಿಗೆ ಹೂ ಇಡಲಿಕ್ಕೆ ಹೋಗ್ತೇನೆ. ಮೊದಲಾದರೆ ಪ್ರಾರ್ಥನೆ ಬರ್ತಿತ್ತು. ಈಗ 'ಯಾಕಪ್ಪ ಹಾಗೆ ಹೇಳಿದಿರಿ' ಅಂತ ಬಾಯಿಗೆ ಬರ್ತದೆ. ಈ ಪ್ರಾಯದಲ್ಲಿ ಅದೊಂದು ಬೇಡ ಇತ್ತು ನನಗೆ."

ನೀಲಿ ಎಂಜಿನು ಬಂತು, ಹೋಯಿತು. ಹಯಗ್ರೀವ ತನಗೆ ಪರಿಚಯವಿದ್ದ ತಿರಸ್ಕಾರಗಳನ್ನೆಲ್ಲ ಒಂದೊಂದಾಗಿ ಕರೆದು ನೋಡಿದ: ಬೋಟಿನ ಪೇಂಟು, ಪರದೆಯ ಸರಳು, ತೆಂಗಿನೆಣ್ಣೆ, ಎಂಟು ಚಕ್ರ. ಮಠದ ಸಾಲಿನ ದಢೂತಿ ಮನುಷ್ಯನನ್ನೂ ಕರೆದ. ಯಾರೂ ಜೊತೆಗೆ ನಿಲ್ಲಲಿಲ್ಲ. ಬೆಳಗ್ಗೆ ಸ್ವಾಮಿಗಳು ಅಚ್ಚು ಒತ್ತುವಾಗ ಕಣ್ಣು ಮುಚ್ಚಿ ಅವನು ನೆನೆದದ್ದು ನಾರಾಯಣನನ್ನಲ್ಲ, ಈ ಎಂಜಿನಿನ ಹಸಿರನ್ನು. ಅದು ಈಗ ನೆನಪಾಯಿತು. ತೋಳಿನ ಶಂಖ ಅಂಗಿಗೆ ಅಂಟಿ ಬಿಟ್ಟುಕೊಂಡು ಚುರುಕ್ಕೆಂದಿತು. ಸತ್ಯ ಹೇಳಿದರೆ ನೆವಿಲ್ ಏನು ಮಾಡಿಯಾನು? ನೂರಾಹತ್ತು ವರ್ಷ ಉಳಿದು ಬಂದದ್ದನ್ನು ತನ್ನ ಕೈಯಾರೆ ಕತ್ತರಿಸಿದೆನೆಂದು ತಿಳಿದ ಮೇಲೆ ಆ ಗಲ್ಲ ಮತ್ತೆ ನೆಲಕ್ಕೆ ತಾಗೀತೇ? ಹೇಳದಿದ್ದರೆ ಈ ಮುದುಕಿ ಸಮಾಧಿಯ ಮುಂದೆ ಕೇಳುತ್ತ ಕೇಳುತ್ತ ಹೋಗಿಬಿಡುತ್ತಾಳೆ. ಅಲ್ಲಿ ಮೇಲೆ ಅವಳ ಅಪ್ಪ ಸಿಕ್ಕಿದರೆ?

"ಅದು ಡೂಪ್ಲಿಕೇಟ್ ಅಲ್ಲ," ಎಂದ ಹಯಗ್ರೀವ.

ಮೋಟಾರಿನ ಸದ್ದಿನಲ್ಲಿ ಯಾರಿಗೂ ಕೇಳಿಸಲಿಲ್ಲ. ಅವನು ಇನ್ನೊಮ್ಮೆ, ಲ್ಯಾಬಿನ ಹಿಂದಿನ ಬೆಂಚಿಗೆ ಕೇಳಿಸುವ ಸ್ವರದಲ್ಲಿ ಹೇಳಬೇಕಾಯಿತು. "ನೆವಿಲ್, ಅದು ಡೂಪ್ಲಿಕೇಟ್ ಅಲ್ಲ. ಅಸಲಿ. ನಾನು ಆ ದಿನ ಸುಳ್ಳು ಹೇಳಿದ್ದು. ನನಗೆ ಬೇಕಿತ್ತು ಅದು."

ನೆವಿಲ್ ಸ್ವಿಚ್ಚು ಆರಿಸಿದ. ಎದ್ದು ಕುಳಿತ. ಅವನ ಮುಖ ಒಂದು ಕ್ಷಣ ಬರಿದಾಗಿ, ಮರುಕ್ಷಣ ಕಣ್ಣು ಒದ್ದೆಯಾಗಿ, ಅವನು ಬಂದು ಹಯಗ್ರೀವನ ಎಡತೋಳನ್ನೇ ಗಟ್ಟಿಯಾಗಿ ಹಿಡಿದುಕೊಂಡ, ಶಂಖದ ಮೇಲೆ. "ಅಮ್ಮ, ಕೇಳಿದಿರಾ? ಏಕಾದಶಿಯ ದಿನ, ನೀರೂ ಕುಡಿಯದೆ ಬಂದು, ನಿಮ್ಮ ಮನಸ್ಸಿಗೆ ಬೇಸರ ಆಗಬಾರದು ಅಂತ ಸರ್ ತಮ್ಮ ಮೇಲೆ ಸುಳ್ಳು ಹಾಕಿಕೊಳ್ತಿದ್ದಾರೆ. ಇಂಥವರು ಎಲ್ಲಿ ಉಂಟು ಹೇಳಿ!"

"ಅಲ್ಲ ಮಾರಾಯ್ರೆ, ನಾನು ಹೇಳುವುದು ನಿಜ. ಅಡಿಯಲ್ಲಿ ಗುರುತಿತ್ತು. ಒಂದು ಹುಂಜ."

"ಹುಂಜ!" ನೆವಿಲ್ ನಕ್ಕ. "ಈಗ ಅಮ್ಮ ಹೇಳಿದ ಹುಂಜವನ್ನೇ ಹಿಡಿದಿರಲ್ಲ ಸರ್! ತಗಡು ಕತ್ತರಿಸಿದವನು ನಾನು, ನನಗೇ ಕಾಣದ ಹುಂಜ ಯಾವುದು? ಇರಲಿ ಬಿಡಿ. ನಿಮ್ಮದು ದೊಡ್ಡ ಮನಸ್ಸು." ಒಬ್ಬ ಗಿರಾಕಿ ಅಂಗಡಿಯ ಮುಂದೆ ನಿಂತು ಕರೆದ. ಕಣ್ಣೊರಸಿಕೊಳ್ಳುತ್ತ ನೆವಿಲ್ ಹೊರಗೆ ಹೋದ. ಹೋಗುತ್ತ ಆ ಗಿರಾಕಿಗೂ ಅದನ್ನೇ ಹೇಳುತ್ತಿದ್ದುದು ಕೇಳಿಸಿತು. "ಇವರುಂಟಲ್ಲ, ನಮ್ಮ ಉಪಾಧ್ಯ ಸರ್..."

ಅರವತ್ತೊಂದು ವರ್ಷ ಲೋಕ ತನ್ನನ್ನು ಇದ್ದುದಕ್ಕಿಂತ ಕಡಿಮೆ ಅಳೆಯಿತೆಂದು ದೂರುತ್ತ ಬಂದವನನ್ನು ಇವತ್ತು ಲೋಕ ಹೆಚ್ಚಾಗಿ ಅಳೆಯಿತು. ಅದನ್ನು ತಿದ್ದುವ ಉಪಕರಣ ಅವನ ಕೈಯಲ್ಲಿರಲಿಲ್ಲ. ಅವನು ಎದ್ದು ನಿಂತ, ಚೀಲವನ್ನು ಹುಡುಕಿದ, ಅದು ಕೈಯಲ್ಲೇ ಇತ್ತು.

"ಯಾವ ಕಡೆ ನೋಡ್ತಿತ್ತು?" ಎಂದರು ಸಲೋಮಿ ಅಮ್ಮ.

"ಏನು?"

"ಹುಂಜ."

ಅವನು ಅವರ ಮುಖ ನೋಡಿದ. ಆ ಮುಖದಲ್ಲಿ ನಗುವೂ ಇರಲಿಲ್ಲ, ಕೋಪವೂ ಇರಲಿಲ್ಲ. "ಹಿಂದೆ ತಿರುಗಿ," ಎಂದ. "ಒಂದು ಕಾಲು ಎತ್ತಿಕೊಂಡು, ಹಿಂದೆ ತಿರುಗಿ ನೋಡ್ತಿತ್ತು."

ಸಲೋಮಿ ಅಮ್ಮ ಕಣ್ಣು ಮುಚ್ಚಿಕೊಂಡರು. "ಅಪ್ಪ ಒಮ್ಮೆ, ಒಂದೇ ಒಮ್ಮೆ ಮಗುಚಿ ತೋರಿಸಿದ್ದರು ನನಗೆ. ಯಾರಿಗೂ ಹೇಳಬೇಡ ಅಂದಿದ್ದರು. ನಾನು ಹೇಳಲಿಲ್ಲ." ಆಮೇಲೆ ಕಣ್ಣು ತೆರೆದು, "ಅವನಿಗೆ ಮತ್ತೆ ಹೇಳಬೇಡಿ. ತಗಡು ಕತ್ತರಿಸಿದ ಕೈ ಅದು, ಸಾಯುವ ತನಕ ನೋಯ್ತದೆ. ನೀವು ಕೂತುಕೊಳ್ಳಿ."

"ನಾನು ಹೊರಡ್ತೇನೆ ಅಮ್ಮ, ಬಸ್ಸು..."

"ಕೂತುಕೊಳ್ಳಿ ಭಟ್ರೇ. ಆ ದಿನ ನಾನು ಹೇಳಿ ಮುಗಿಸಿರಲಿಲ್ಲ."

ಅವನು ಕುಳಿತ. ಅವರು ಸೆರಗನ್ನು ಮೊಣಕಾಲಿನ ಮೇಲೆ ಸರಿಮಾಡಿಕೊಂಡು, ಐದಾರು ತಿಂಗಳಿಂದ ಯಾರೂ ಕೇಳದ ಕಥೆಯನ್ನು ಮೊದಲಿಂದ ಹಿಡಿದರು. ಯುದ್ಧದ ವರ್ಷ, ಮಿಷನ್ ಬಂಗಲೆಯ ಮುಂದೆ ಎತ್ತಿನ ಗಾಡಿಗಳು, ಗಾಡಿಯ ಮೇಲೆ ಪಾದ್ರಿಯ ಹೆಂಡತಿಯ ಹೊಲಿಗೆ ಮಿಷನ್ನು. ವರ್ಷ ತಪ್ಪಿತು, ಮತ್ತೆ ಸರಿಯಾಯಿತು. ಹುಡುಗನ ಹೆಸರು ಒಮ್ಮೆ ಹರ್ಮನ್ ಆಗಿ ಇನ್ನೊಮ್ಮೆ ಹೆನ್ರಿ ಆಯಿತು. ಬಂಗಲೆಯ ಗಂಟೆಯನ್ನು ಮಲ್ಪೆಗೂ ಉಡುಪಿಗೂ ನಡುವೆ ಎಲ್ಲೋ ಹೂತಿಟ್ಟರು ಎಂಬ ಅಸಾಧ್ಯವಾದ ಉಪಕಥೆಯೊಂದು ಬಂತು. ಪ್ರತಿ ತಪ್ಪಿಗೂ ಹಯಗ್ರೀವನ ನಾಲಿಗೆಯ ತುದಿ ಹಲ್ಲಿಗೆ ತಾಗಿ ಹಿಂದಕ್ಕೆ ಸರಿಯಿತು. ಹೊರಗೆ ನೆವಿಲ್ ಯಾರದೋ ಮಿಕ್ಸಿಯನ್ನು ತಿರುಗಿಸಿ ನೋಡುತ್ತಿದ್ದ.

"ಗಾಡಿ ಹೊರಟಿತು. ಆಗ ಆ ಹುಡುಗ ಹಾರಿ ಇಳಿದು ಓಡಿಬಂದನಂತೆ. ಎರಡೂ ಕೈಯಲ್ಲಿ ಎತ್ತಿ ಕೊಟ್ಟನಂತೆ ನಮ್ಮ ಅಪ್ಪನಿಗೆ. ಹಸಿರು ಎಂಜಿನು. ಎಂಟು ದೊಡ್ಡ ಚಕ್ರ." ಅವರು ನಿಲ್ಲಿಸಿದರು. ಅವನ ಕಡೆ ತಿರುಗಿದರು. "ಎಂಟು, ಅಲ್ವಾ ಭಟ್ರೇ?"

ನೀಲಿ ಎಂಜಿನು ಹಳಿಯ ಮೇಲೆ ಎದುರಿಗೇ ನಿಂತಿತ್ತು. ಈ ಕಡೆ ಮೂರು, ಆ ಕಡೆ ಮೂರು.

"ಹೌದಮ್ಮ," ಎಂದ ಹಯಗ್ರೀವ. "ಎಂಟು."

ಹೇಳಿ ಮುಗಿಸಿ ಕಿವಿಗೊಟ್ಟ. ತಗಡು ಕತ್ತರಿಸಿಹೋದ ಆ ಎಂಜಿನಿನ ಅಡಿಯಲ್ಲಿ ಏನೂ ಕೂಗಲಿಲ್ಲ.